ತೊಟ್ಟು

ತಾರ್ತು ಊರಿನ ಈ ಐದಂತಸ್ತಿನ ಕಟ್ಟಡದಲ್ಲಿ
ಮೂರನೆಯ ಮೆಟ್ಟಿಲ ತಿರುವಿಗೊಂದು ಕಿಟಕಿ.
ಕಿಟಕಿಗೆ ಮೇಣದ ಹೂವಿನ ಬಳ್ಳಿ.
ಯಾರದ್ದೂ ಅಲ್ಲ. ಇಪ್ಪತ್ತೆರಡು ವರ್ಷದಿಂದ
ಅದೇ ಕುಂಡ, ಅಂಚು ಮುಕ್ಕಾದದ್ದು.

ಬಂದ ಹೊಸತರಲ್ಲಿ ನಾನು ಕತ್ತರಿ ಹಿಡಿದೆ.
ಒಂದೂ ಎಲೆಯಿಲ್ಲದ ಮಾರುದ್ದದ ಬೋಳು ಕುಡಿ
ಗಾಳಿಯಲ್ಲಿ ಏನನ್ನೋ ತಡಕುತ್ತಿತ್ತು;
ಸತ್ತಿದೆ ಅಂದುಕೊಂಡೆ.
ಕಚಕ್ಕೆಂದಿತು.
ಹಾಲು ಬಂತು,
ಬೆಳ್ಳಗೆ, ಸಿಮೆಂಟಿನ ಮೇಲೆ, ತೊಟ್ಟು ತೊಟ್ಟು.

ಮೇಲಿನ ಮನೆಯ ಮೈಮು ಕಂಡಳು. ಬೈಯಲಿಲ್ಲ.
ಬೈದಿದ್ದರೆ ಲೆಕ್ಕ ಅಲ್ಲಿಗೇ ಚುಕ್ತಾ ಆಗುತ್ತಿತ್ತು.
ಸೌತೆಕಾಯಿ ಉಪ್ಪಿಟ್ಟಿದ್ದ ಬಾಟಲಿ ತೊಳೆದು ತಂದು
ಆ ತುಂಡನ್ನು ನೀರಲ್ಲಿ ನಿಲ್ಲಿಸಿ
"ಮೊದಲು ಬೋಳಾಗಿ ಹೋಗುತ್ತದೆ,
ಎಲೆ ಹಿಂದಿನಿಂದ ಬರುತ್ತದೆ" ಅಂದಳು,
ಬಸ್ಸು ತಡವಂತೆ ಎನ್ನುವಷ್ಟೇ ದನಿಯಲ್ಲಿ.

ಕುಂಡ ಬಿಗಿಯಾಗಿರಬೇಕಂತೆ, ಹೊಸ ಚಪ್ಪಲಿ ಕಚ್ಚುವ ಹಾಗೆ.
ಅಗಲದ್ದು ಕೊಟ್ಟರೆ ಬರೀ ಬೇರು ಚಾಚಿ
ಹೂವನ್ನು ಮರೆತೇಬಿಡುತ್ತದಂತೆ.
ನವೆಂಬರಿನಿಂದಾಚೆಗೆ ನೀರು ತೋರಿಸು, ಕುಡಿಸಬೇಡ.
ಕೆಳಗಿನ ಮನೆಯ ಎಂಡೆಲ್,
ಯಾರೊಡನೆಯೂ ಮಾತಿಲ್ಲದವನು,
ಕರವಸ್ತ್ರದಿಂದ ಎಲೆಯ ಧೂಳು ಒರೆಸುತ್ತಾನೆ;
ಹೆಜ್ಜೆ ಸದ್ದಾದರೆ ಜೇಬಿಗೆ ತುರುಕಿ
ಹಿಮ ಬೀಳುವುದೋ ಎಂದು ನೋಡುವವನಂತೆ ನಿಲ್ಲುತ್ತಾನೆ.
ಮೇ ತಿಂಗಳಲ್ಲೂ.

ಜೂನಿನಲ್ಲಿ ಗಾಜಿನ ಮೇಲೊಂದು ಚೀಟಿ:
"ಮೊಗ್ಗಾಗಿದೆ. ಕುಂಡ ತಿರುಗಿಸಬೇಡಿ."
ಅದರಡಿಗೆ ಇನ್ಯಾರೋ, ಪೆನ್ಸಿಲ್ಲಿನಲ್ಲಿ: "ಸರಿ."

ಹೂವೋ, ನಿಜವಲ್ಲವೆನ್ನಿಸುವಷ್ಟು ಅಚ್ಚುಕಟ್ಟು,
ಗೊಂಚಲು ಗೊಂಚಲು ಗುಲಾಬಿ ನಕ್ಷತ್ರ,
ಯಾರೋ ಕೂತು ಎರಕ ಹೊಯ್ದಂತೆ.
ಹಗಲೆಲ್ಲ ಹೆಚ್ಚೇನೂ ಗಂಧವಿಲ್ಲ.
ಇಲ್ಲಿ ಜೂನಿನ ರಾತ್ರಿಗೆ ಕತ್ತಲೆಯೂ ಇಲ್ಲ,
ಆದರೂ ಹೇಗೋ ಗೊತ್ತಾಗುತ್ತದೆ ಅದಕ್ಕೆ.
ಬ್ರೆಡ್ಡಿನ ಕಾರ್ಖಾನೆಯ ಪಾಳಿ ಮುಗಿಸಿ
ನಾಲ್ಕಕ್ಕೆ ಬಂದರೆ, ಬಾಗಿಲು ತೆಗೆಯುತ್ತಲೇ
ಮೆಟ್ಟಿಲ ತುಂಬ ಅದೇ.
ಹುಳಿಹಿಟ್ಟಿನ ವಾಸನೆಯ ನನ್ನ ಕೋಟು
ನಾಚಿದಂತಾಗುತ್ತದೆ.
ಹೂವಿನ ನಡುವೆ ಜೇನಿನಂಥದೊಂದು ತೊಟ್ಟು,
ಬೀಳಲೋ ಬೇಡವೋ ಅನ್ನುತ್ತಾ.
ಒಮ್ಮೆ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೆಕ್ಕಿದೆ.

ಉದುರಿದ ಮೇಲೆ ಒಣಕಲು ತೊಟ್ಟು ಉಳಿಯುತ್ತದೆ,
ಕಿರುಬೆರಳಿನ ಅರ್ಧ.
ಕೈ ತುರಿಸುತ್ತದೆ ಕೀಳಲು.
ಕೀಳಬಾರದು. ಬರುವ ವರ್ಷದ ಹೂವು
ಅದೇ ತೊಟ್ಟಿಗೆ ಬರುತ್ತದೆ.

ನನ್ನ ಅಡುಗೆಮನೆಯ ಬಾಟಲಿಯ ತುಂಡು
ಈಗ ಕುಂಡದಲ್ಲಿದೆ. ಮೂರು ಬೇಸಿಗೆ. ಹೂವಿಲ್ಲ.
ಎಂಟು ಎಲೆ; ಆಮೇಲೆ ಪರದೆಯ ಸರಳಿನತ್ತ
ಬೆತ್ತಲೆ ಹೊರಟ ಒಂದು ಕುಡಿ.
ಮೆಟ್ಟಿಲಲ್ಲಿ ಸಿಕ್ಕಾಗ ಮೈಮು ಕೇಳುತ್ತಾಳೆ.
ಇನ್ನೂ ಬೋಳೇ, ಅನ್ನುತ್ತೇನೆ.
"ಹೋಗುತ್ತಿದೆ ಅಂತಾಯಿತು," ಎಂದು
ಆಲೂಗಡ್ಡೆಯ ಚೀಲ ಕೈ ಬದಲಿಸಿಕೊಂಡು
ಮೇಲೆ ಹತ್ತುತ್ತಾಳೆ.