ಬಾಗಿಲ ಈಚೆಯಿಂದ

ಟಿಫನ್ ಡಬ್ಬಿಯ ಕೆಳಗಿನ ಪಾತ್ರೆಯಲ್ಲಿ ಏಳು ಪೆನ್ ಡ್ರೈವ್,
ಮೇಲಿನದರಲ್ಲಿ ಚಿತ್ರಾನ್ನ.
ಲಗ್ಗೆರೆಯ ಸರ್ಕಾರಿ ಶಾಲೆ, ಐದನೇ ತರಗತಿಯ ಕೋಣೆ,
ಭಾನುವಾರ ಒಂಬತ್ತಕ್ಕೆ ಬೀಗ ತೆಗೆಯುವವನು ನಾನೇ.
ವಾರವೆಲ್ಲ ಲಿಫ್ಟ್ ರಿಪೇರಿ,
ಎರಡು ಮಹಡಿಯ ನಡುವೆ ಸಿಕ್ಕಿಕೊಂಡವರ ಜೊತೆ
ಬಾಗಿಲ ಈಚೆಯಿಂದ ಮಾತಾಡುತ್ತಾ ಇರುವ ಕೆಲಸ.
ಇದೂ ಹೆಚ್ಚುಕಡಿಮೆ ಅದೇ.

ಬರುತ್ತವೆ ಒಂದೊಂದೇ ಲ್ಯಾಪ್‌ಟಾಪು:
ಎಸ್.ಪಿ. ರೋಡಿನಲ್ಲಿ ಮೂರು ಕೈ ದಾಟಿದ್ದು,
ಕೀಲು ಮುರಿದು ಸೈಕಲ್ ಟ್ಯೂಬು ಬಿಗಿದದ್ದು,
ಆನ್ ಮಾಡಿ ಕಾಫಿ ಕುಡಿದು ಬಂದರೂ
ಇನ್ನೂ ಬಳೆ ಸುತ್ತುತ್ತಲೇ ಇರುವಂಥದ್ದು.

ಎಲ್ಲ ಅಳಿಸಲೇ ಎಂದು ಕೇಳುತ್ತದೆ ಯಂತ್ರ, ತುಂಬ ಮರ್ಯಾದೆಯಿಂದ.
ಮೊದಲ ವರ್ಷ ಹೌದು ಎಂದುಬಿಟ್ಟೆ.
ಪೀಣ್ಯದ ಟರ್ನರ್ ಆರೋಗ್ಯಸ್ವಾಮಿ ಅವರ ಮಗಳ
ಮೊದಲ ಹೆಜ್ಜೆ, ಹದಿನಾಲ್ಕು ಸೆಕೆಂಡಿನ ವಿಡಿಯೋ,
ಒಂದೇ ಇದ್ದದ್ದು.
ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಈಗ ಮೂರು ಸಲ ಕೇಳುತ್ತೇನೆ:
ಬೇರೆ ಕಡೆ ಇಟ್ಟಿದ್ದೀರಾ? ತೋರಿಸಿ. ತೆರೆದು ತೋರಿಸಿ.

ಮುನಿಯಲ್ಲಮ್ಮ ಬಂದದ್ದು
ಮಾರ್ಕೆಟ್ಟಿನ ಹೂವಿನ ವ್ಯಾಪಾರ ಮುಗಿಸಿಕೊಂಡು.
ಒದ್ದೆ ಗೋಣಿಯಲ್ಲಲ್ಲ, ಪುಣ್ಯಕ್ಕೆ,
ಮೊಮ್ಮಗನ ಸ್ವೆಟರಿನಲ್ಲಿ ಸುತ್ತಿದ್ದರು.
ಇಪ್ಪತ್ತಾರು ಹೆಂಗಸರ ಚೀಟಿ ಲೆಕ್ಕ ಅದರೊಳಗೆ.
"ಲಿನಕ್ಸಾ? ಕೆಮ್ಮಿನ ಔಸ್ದಿ ಹೆಸರಿದ್ದಂಗೈತೆ.
ಬಿಟ್ಟಿನಾ?"
ಉಚಿತ ಅಮ್ಮ, ಎಂದೆ. ಮುಕ್ತ, ಎಂದೆ. ಸ್ವತಂತ್ರ, ಎಂದೆ.
ನಾಲಿಗೆ ಎಡವುತ್ತಲೇ ಇತ್ತು.
"ನಮ್ಮಜ್ಜಿ ಗೌಡ್ರ ಹೊಲದಾಗೆ ಬಿಟ್ಟಿ ಮಾಡಿದ್ಲು.
ಬಿಟ್ಟಿ ಅಂದ್ರೆ ಯಾರೋ ಗೇದಿರ್ತಾರೆ. ಯಾರು?"
ಬಹಳ ಜನ, ಎಂದೆ. ನನಗೂ ಗೊತ್ತಿಲ್ಲ.
ಯಾರೂ ಹೊಡೆದು ಗೇಯಿಸಿಲ್ಲ, ಅಷ್ಟು ಗೊತ್ತು.
"ಹಂಗಾದ್ರೆ ಹಾಕಿ."

ವೈಫೈ ಹತ್ತಲಿಲ್ಲ. ಹತ್ತುವುದೇ ಇಲ್ಲ ಮೊದಲ ಸಲ.
ನನ್ನ ಮೊಬೈಲಿಗೆ ತಂತಿ ಸಿಕ್ಕಿಸಿ
ಕರಿ ಪರದೆ ತೆರೆದು, ಪಾಸ್‌ವರ್ಡ್ ಹಾಕಿ ಎಂದೆ.
ಒತ್ತಿದರು. ನಿಲ್ಲಿಸಿದರು. ಮತ್ತೆ ಒತ್ತಿದರು.
"ಕೀ ಕೆಟ್ಟೋಗೈತೆ. ಏನೂ ಬೀಳ್ತಿಲ್ಲ."
ಬೀಳುತ್ತಿದೆ, ಕಾಣುವುದಿಲ್ಲ.
ಒಂದು ಚುಕ್ಕಿಯನ್ನೂ ತೋರಿಸದು, ಅದರ ಸ್ವಭಾವ.
ಇಲ್ಲಿಯೇ ಎಷ್ಟೋ ಜನ ಎದ್ದು ಹೋಗಿದ್ದಾರೆ,
ಡಿಗ್ರಿ ಇದ್ದವರು, ನನಗಿಂತ ಇಂಗ್ಲಿಷ್ ಬಲ್ಲವರು.
ಕೈ ಹಿಡಿದು ಒತ್ತಿಸಬಾರದು, ನಾನೇ ಹಾಕಿಕೊಂಡ ನಿಯಮ.
ಸುಮ್ಮನೆ ಮಾತಾಡುತ್ತಿರಬೇಕು.

ಮುನಿಯಲ್ಲಮ್ಮ ಕಣ್ಣು ಮುಚ್ಚಿದರು.
"ಬೆಳಗಿನ ಜಾವ ಮೂರೂವರೆಗೆ ಕರೆಂಟ್ ಹೋದ್ರೆ
ನಾವೇನು ಕಟ್ಟೋದು ಬಿಡ್ತೀವಾ?"
ಬೆರಳು ಹೊರಟವು,
ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಗಂಟು,
ಎಂಟರ್.
ಮಂಕರಿ ಮಗುಚಿದ ಹಾಗೆ
ಪರದೆ ತುಂಬ ಸುರಿದವು ಅಕ್ಷರ.

ಮಧ್ಯಾಹ್ನದ ಹೊತ್ತಿಗೆ ಕನ್ನಡ ಬಂತು.
ಒಂದೊಂದಾಗಿ ಓದಿದರು, ಬೆರಳಿಟ್ಟು. ನಿಂತರು.
"ಕಡತ ಅಂದ್ರೆ?"
ಫೈಲ್, ಅಮ್ಮ.
"ಫೈಲ್ ಅಂತ ಬರೆಯಾಕೆ ಏನು ರೋಗ ಇವ್ರಿಗೆ?"
ಬೇಕಿದ್ದರೆ ಬದಲಾಯಿಸಬಹುದು, ಎಂದೆ.
"ಯಾರು?"
ಯಾರಾದರೂ. ನೀವೂ.
ಮುಖ ನೋಡಿದರು ನನ್ನದು, ಲೇವಡಿಯೋ ಎಂದು.
ಚಿತ್ರಾನ್ನ ಮುಗಿಯುವವರೆಗೂ ಮಾತಾಡಲಿಲ್ಲ.

ಹೊರಡುವಾಗ ಚೀಲದಿಂದ ಉಳಿದ ಕಾಕಡ ತೆಗೆದರು.
ಕೊಡುತ್ತಾರೆಂದು ಕೈ ಚಾಚಿದೆ.
"ಮೊಳಕ್ಕೆ ಮೂವತ್ತು. ಹೂವು ಬಿಟ್ಟಿ ಅಲ್ಲ ಸಾಮಿ.
ಕಟ್ಟೋದು ಕಲೀತೀರಾ, ಅದಕ್ಕೆ ಕಾಸಿಲ್ಲ. ಕೂತ್ಕಳಿ."

ಐದನೇ ತರಗತಿಯ ಗಿಡ್ಡ ಬೆಂಚಿನ ಮೇಲೆ
ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆ.
ಬಾಳೆನಾರು ಕೈಯಲ್ಲೇ ಹರಿಯಿತು.
"ಹರೀತದೆ ಮೊದಲ್ನೆ ಸಲ," ಎಂದರು,
ಕೈ ಹಿಡಿಯದೆ.