ವರ್ಷಕ್ಕೊಂದು ಸಾಲು

ಮಾಹೆಬೂರಿನ ಕಾಲೇಜಿನ ಸಭಾಂಗಣದಲ್ಲಿ
ಕರಿಮರದ್ದಲ್ಲ, ಕರಿಮರದ ಬಣ್ಣ ಬಳಿದ ಒಂದು ಹಲಗೆ.
ಬಳಿದವನು ನಾನೇ.
ವರ್ಷಕ್ಕೊಂದು ಸಾಲು, ಸಾಲಿಗೊಂದು ಹೆಸರು,
ಚಿನ್ನವೆಂದು ಎಲ್ಲರೂ ನಂಬಿದ ಹಳದಿಯಲ್ಲಿ.
ಇಪ್ಪತ್ತಾರು ಮಂದಿ ಮೊದಲಿಗರನ್ನು ಬರೆದಿದ್ದೇನೆ,
ಒಬ್ಬರ ಅಂಕಪಟ್ಟಿಯನ್ನೂ ನೋಡಿದವನಲ್ಲ;
ನನಗೆ ಬೇಕಾದ್ದು ಅಕ್ಷರ ಎಷ್ಟು ಎಂಬ ಲೆಕ್ಕ ಮಾತ್ರ.

ಈ ಸಲ ಏಣಿ ಒರಗಿಸಿ ಕೂತೇ ಕೂತೆ.
ಚಹಾ ಎರಡು ಬಾರಿ ಆರಿತು, ಹೆಸರಿನ ಚೀಟಿ ಬರಲಿಲ್ಲ.
ಪಕ್ಕದ ಕೋಣೆಯ ಬಾಗಿಲು ಸೆಕೆಗೆ ಅರ್ಧ ತೆರೆದಿತ್ತು,
ಫ್ಯಾನಿನ ಗಾಳಿಗೆ ಹಾರುವ ಕಾಗದದ ಮೇಲೆ
ಯಾರೋ ಹವಳದ ಕಲ್ಲೊಂದನ್ನು ಹೇರಿದ್ದರು.

ಒಳಗಿನಿಂದ ಕೇಳಿಸಿತು:
ಇಬ್ಬರದೂ ಮೊತ್ತ ಒಂದೇ.
ಓರೇಲಿ ಫೆಲಿಸಿಟೆ. ಕವಿಶಾ ಜುಗ್ರೂ.
ಬಿಂದುವಿನಾಚೆ ಎರಡನೇ ಮನೆ, ಮೂರನೇ ಮನೆ,
ಕೂದಲು ಸೀಳಿದರು; ಸೀಳಿದ ಕೂದಲೂ ಸಮ.
ಗಣಿತ ನೋಡಿ, ಎಂದರು ಮದಾಂ ವೀರಪೆನ್.
ಗಣಿತ ಸಮ.
ಫ್ರೆಂಚ್ ಪ್ರಬಂಧ? ಅದೂ.
ಹಾಜರಿ? ಓರೇಲಿಗೆ ಹನ್ನೊಂದು ದಿನ ಕಮ್ಮಿ,
ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ದ ದಿನಗಳು.
ಅದನ್ನು ತಕ್ಕಡಿಗೆ ಹಾಕಬೇಡಿ ಎಂದಿತು ಒಂದು ದನಿ,
ಚರಿತ್ರೆಯ ಮೇಷ್ಟರದಿರಬೇಕು.
ಕೊನೆಗೆ ಹಳೇ ಕಡತವೊಂದರ ದಾರ ಬಿಚ್ಚಿದರು:
ಎಲ್ಲವೂ ಸಮವಾದಲ್ಲಿ ವಯಸ್ಸಿನಲ್ಲಿ ಕಿರಿಯರೇ ಮೊದಲು.
ಯಾಕೆ ಕಿರಿಯರು?
ಬರೆದಿಟ್ಟವರು ತೀರಿಹೋಗಿದ್ದರು, ಕಾರಣ ಬರೆದಿಟ್ಟಿರಲಿಲ್ಲ.

ಫೆಬ್ರವರಿ ಒಂಬತ್ತು, ಓರೇಲಿ.
ಫೆಬ್ರವರಿ ಹನ್ನೊಂದು, ಕವಿಶಾ.
ಕುರ್ಚಿಗಳು ಹಿಂದೆ ಸರಿದ ಸದ್ದು.

ನನ್ನ ಕುಂಚ ಡಬ್ಬಿಯಲ್ಲೇ ನಿಂತಿತು.
ಆ ವರ್ಷದ ಚಂಡಮಾರುತ ಈ ಊರಲ್ಲಿ ಯಾರಿಗೆ ಮರೆತೀತು?
ಜನವರಿ ಇಪ್ಪತ್ತೆರಡು. ಸರ್ವೆಮರಗಳು
ಬೇರುಸಮೇತ ರಸ್ತೆಗೆ ಅಡ್ಡ ಮಲಗಿದ ರಾತ್ರಿ
ಜುಗ್ರೂನ ಹೆಂಡತಿ ಅಡುಗೆಮನೆಯಲ್ಲಿ, ಮೇಜಿನ ಕೆಳಗೆ, ಹೆತ್ತಳು.
ಟಾರ್ಚು ಹಿಡಿದಿದ್ದವಳು ನನ್ನಮ್ಮ.
ಜನನ-ಮರಣ ಕಚೇರಿಯ ತಗಡು ಹಾರಿ ಸಮುದ್ರಕ್ಕೆ ಬಿದ್ದು
ಮತ್ತೆ ಬಾಗಿಲು ತೆರೆದದ್ದು ಇಪ್ಪತ್ತು ದಿನದ ಮೇಲೆ.
ಅಲ್ಲಿಯ ಹೊಸ ಕಿಟಕಿಗೆ ನೀಲಿ ಬಳಿಯುತ್ತಿದ್ದೆ.
ಸಾಲು ಬೀದಿವರೆಗೆ. ಗುಮಾಸ್ತ ತಲೆ ಎತ್ತದೆ ಕೇಳಿದ: ಯಾವತ್ತು?
ನೋಂದಾಯಿಸಲು ಬಂದದ್ದನ್ನು ಕೇಳುತ್ತಾನೆಂದುಕೊಂಡು
ಜುಗ್ರೂ ಹೇಳಿದ: ಇವತ್ತು.
ಹಾಗೆ ಎರಡನೇ ಸಲ ಹುಟ್ಟಿದಳು ಕವಿಶಾ, ಶಾಯಿಯಲ್ಲಿ.
ತಿದ್ದಿಸಲು ಅಫಿಡವಿಟ್ಟು, ವಕೀಲ, ಮೂರು ದಿನದ ಕೂಲಿ;
ಬಿಟ್ಟರು. ಮನೆಯಲ್ಲಿ ಕೇಕು ಮಾತ್ರ ಇವತ್ತಿಗೂ ಜನವರಿಯಲ್ಲೇ.

ಚೀಟಿ ಬಂತು.
ಏಣಿ ಇಳಿದರೆ ಆ ಬಾಗಿಲಿಗೆ ಆರೇ ಹೆಜ್ಜೆ.
ಹೇಳಬಹುದಿತ್ತು.
ಹೇಳಿದ್ದರೆ ಓರೇಲಿ ಹದಿನೆಂಟು ದಿನ ಚಿಕ್ಕವಳು,
ಆಗ ಅವಳು ಮೊದಲು;
ಹದಿನೆಂಟು ದಿನ ತಡವಾಗಿ ಅತ್ತದ್ದು
ಅದ್ಯಾವ ಪ್ರಶ್ನೆಗೆ ಉತ್ತರ?
ಇದನ್ನೆಲ್ಲ ಯೋಚಿಸಿದ್ದು ನಿಜವೋ, ಸುಮ್ಮನಿದ್ದುದಕ್ಕೆ ಆಮೇಲೆ
ಹೊಲಿದುಕೊಂಡ ಅಂಗಿಯೋ, ಈಗ ಹೇಳಲಾರೆ.
ಪೆನ್ಸಿಲ್ ತೆಗೆದು ಅಳತೆ ಹಾಕಿದೆ:
ಫ್ರೆಂಚ್ ಅಕ್ಷರದಲ್ಲಿ ಕವಿಶಾಳದು ಎರಡಕ್ಷರ ಚಿಕ್ಕ ಹೆಸರು,
ನನ್ನ ಕೈಗೆ ಸಲೀಸು. ನಾಚಿಕೆಯಾಯಿತು ಅಷ್ಟಕ್ಕೆ.

ಬರೆಯುವಾಗ ಏಣಿ ಅಲುಗುವುದು ನಿಂತಿತು.
ಕೆಳಗೆ ನೋಡಿದರೆ ಓರೇಲಿ, ಎರಡೂ ಕೈಯಲ್ಲಿ ಹಿಡಿದುಕೊಂಡು.
ಯಾರೂ ಅವಳಿಗೆ ಹೇಳಿರಲಿಲ್ಲ, ಹಿಡಿ ಎಂದು.
ಬಹಳ ಹೊತ್ತು ಕತ್ತೆತ್ತಿ ಓದಿದಳು.
ಆಮೇಲೆ, ಕೊನೆಯ ಎರಡು ಅಕ್ಷರ
ಸೊನ್ನೆಗಳ ಹಾಗಿವೆಯಲ್ಲ ಅಂಕಲ್,
ಒಂದು ತುಸು ದಪ್ಪ, ಎಂದಳು.

ನೋಡಿದೆ. ಹೌದು.
ಒಣಗುವ ಮುಂಚೆ ಬಟ್ಟೆಯಲ್ಲಿ ಒರೆಸಿ
ಮತ್ತೆ ಬರೆದೆ, ಉಸಿರು ಹಿಡಿದು.
ಆಗಲೂ ಸಮ ಬರಲಿಲ್ಲ.