ನಟ್ಟು ಪೂರ್ತಿ ಬಿಚ್ಚಬೇಡ

ಕಲ್ಮಾಡಿ ತಿರುವು ದಾಟಿ ಮಲ್ಪೆ ರಸ್ತೆಯ ಬಲಕ್ಕೆ
ತಗಡಿನ ಮಾಡಿನಡಿ ಸುನಂದಕ್ಕನ ಓಮ್ನಿ.
ಮುಂದಿನ ಎಡಚಕ್ರ ಕಳಚಿ ಗೋಡೆಗೆ ಒರಗಿದೆ,
ವ್ಯಾನು ಹಲಸಿನ ದಿಮ್ಮಿಯ ಮೇಲೆ ಕೂತಿದೆ
ಡಾಕ್ಟರ ಮುಂದೆ ಕಾಲು ಚಾಚಿದವರ ಹಾಗೆ.

ಹನ್ನೊಂದು ವರ್ಷ ಬಂಗುಡೆ, ಬೂತಾಯಿ.
ಹನ್ನೊಂದು ವರ್ಷ ಬಂದರದ ನೆಲದ
ಐಸು ಕರಗಿದ ಉಪ್ಪುನೀರು ತುಳಿದು ತುಳಿದು
ಸ್ಟೇರಿಂಗಿನ ಕೈ ಚಕ್ರದ ಕೈಯನ್ನು ಹಿಡಿದಲ್ಲೇ
ಕಚ್ಚಿಕೊಂಡಿದೆ.
ಎಲ್ಲಿ ಕಬ್ಬಿಣ ಮುಗಿಯಿತು, ಎಲ್ಲಿ ತುಕ್ಕು ಶುರು,
ಕೇಳಿದರೆ ಎರಡಕ್ಕೂ ನೆನಪಿಲ್ಲ.

ನನಗೆ ಹದಿನೇಳು. ನಾಲ್ಕು ಪೌಂಡಿನ ಸುತ್ತಿಗೆ ಎತ್ತಿದ್ದೆ.
"ಉಂತ್!" ಅಂದರು ಇದಿನಬ್ಬಾಕ, ಬೀಡಿ ಬಾಯಿಂದ ತೆಗೆಯದೆ.
"ತಲೆಗೆ ಹೊಡೆದರೆ ತಲೆ ಅಣಬೆ ಆಗ್ತದೆ.
ಆಮೇಲೆ ಅದು ಹೊರಗೂ ಬರುವುದಿಲ್ಲ, ಒಳಗೂ ಹೋಗುವುದಿಲ್ಲ."

ಗೋಡೆಯ ಕವಲು ಉಳಿ ತಂದೆ. ಅದೂ ಬೇಡ.
"ರಬ್ಬರಿನ ಟೊಪ್ಪಿ ಹರಿದೀತು.
ಈ ಜಾಯಿಂಟಿಗೆ ಏನೂ ಆಗಿಲ್ಲ ಮಾರಾಯ,
ಹಾಳಾದದ್ದು ಆಚೆಯದ್ದು. ಇದು ದಾರಿಗೆ ಅಡ್ಡ ನಿಂತಿದೆ, ಅಷ್ಟೆ."

ತಂತಿ ಬ್ರಷ್ಷು. ಡೀಸೆಲ್, ಹನಿಹನಿ.
ಪಿನ್ನು ಮುರಿದು ಮೂರು ತುಂಡಾಗಿ ಬಂತು.
ನಟ್ಟು ಸಡಿಲಿಸಿದೆ, ಇನ್ನೇನು ಕೈಗೆ ಬರಬೇಕು,
"ಪೂರ್ತಿ ಬಿಚ್ಚಬೇಡ. ನಾಲ್ಕು ಸುತ್ತು ಇರಲಿ.
ಬಿಡುವಾಗ ಅದು ಹಾರ್ತದೆ. ಹಿಡಿಯಲು ಯಾರಾದರೂ ಬೇಕಲ್ಲ."

ಪುಲ್ಲರ್ ಕೂರಿಸಿ ಬಿಗಿದೆವು.
ಇನ್ನೊಂದು ಕಾಲು ಸುತ್ತು.
ಅಲ್ಲಾಡಲಿಲ್ಲ.
ಎರಡು ಸುತ್ತಿಗೆ ಹಿಡಿದು ಅವರು
ಒಂದನ್ನು ಆ ಬದಿಗೆ ಆನಿಸಿ, ಇನ್ನೊಂದರಿಂದ ಈ ಬದಿಗೆ,
ತಲೆಗಲ್ಲ, ಪಕ್ಕೆಗೆ,
ತೆಂಗಿನಕಾಯಿ ಬಲಿತಿದೆಯೋ ನೋಡುವವರ ಹಾಗೆ
ಠಣ್. ಠಣ್.
ಇಜ್ಜಿ.

"ಮೂರು ಗಂಟೆಗೆ ಬೋಟು ಬರ್ತದೆ ನನಗೆ,"
ಸುನಂದಕ್ಕ ಖಾಲಿ ಬುಟ್ಟಿಯ ಮೇಲೆ ಕೂತು
ಕಾಲ ಬೆರಳಿನಿಂದ ಮೀನಿನ ಪರೆ ಕೀಳುತ್ತಿದ್ದಳು.
"ಬರಲಿ," ಅಂದರು. ಚಾ ತರಿಸಿದರು.
ಬಿಗಿದ ಪುಲ್ಲರನ್ನು ಹಾಗೇ ಬಿಟ್ಟು
ಅಳಿಯನ ಮದುವೆ ಹಾಲಿನ ಬಾಡಿಗೆಯ ಮಾತು ತೆಗೆದರು.
ನನ್ನ ಕಣ್ಣು ಮಾತ್ರ ಚಕ್ರದ ಗೂಡಿನೊಳಗೆ.

ಚಾ ಅರ್ಧ ಇಳಿದಿತ್ತು.
ಯಾರೂ ಮುಟ್ಟದೆ, ಯಾರೂ ನೋಡದೆ
(ನಾನೂ ಆ ಹೊತ್ತು ಗ್ಲಾಸಿನ ನೊಣ ನೋಡುತ್ತಿದ್ದೆ)
ಪಟಾಕಿಯಂತೆ
ಟಪ್.
ಸುನಂದಕ್ಕ ಬುಟ್ಟಿ ಬಿಟ್ಟು ಎದ್ದೇಬಿಟ್ಟಳು.
ನಾಲ್ಕು ಸುತ್ತಿನ ನಟ್ಟಿನಲ್ಲಿ ಸರಳು
ಮೆಲ್ಲಗೆ ತೂಗುತ್ತಿತ್ತು.
ಟೊಪ್ಪಿಗೆ ಒಂದು ಗೀರೂ ಇಲ್ಲ.

ಮುಂದೆ ಎಣಿಕೆಯ ಕೆಲಸ. "ಎಷ್ಟು ಸುತ್ತಿಗೆ ಕಳಚಿತೋ
ಅಷ್ಟೇ ಸುತ್ತಿಗೆ ಹಾಕು. ಗೋಡೆಗೆ ಬರೆದಿಡು."
ಸೀಮೆಸುಣ್ಣದಲ್ಲಿ ಬರೆದೆ: ಹದಿನೆಂಟೂವರೆ.
ಕೊನೆಯಲ್ಲಿ ಸುನಂದಕ್ಕ ದುಡ್ಡು ಎಣಿಸುತ್ತಾ
ಹತ್ತೊಂಬತ್ತು, ಇಪ್ಪತ್ತು ಅಂದದ್ದು ಕಿವಿಗೆ ಬಿದ್ದಿತ್ತು.

ನಾಲ್ಕನೇ ದಿನ ಬಂದಳು. ಎಂಜಿನ್ ಆರಿಸಲಿಲ್ಲ.
"ಸಂತೆಕಟ್ಟೆಯವರೆಗೂ ಇದು ಕಡಲಿನ ಕಡೆಗೇ ಎಳೀತದಲ್ಲ,
ಯಾರು ಎಣಿಸಿದ್ದು?"
ಇದಿನಬ್ಬಾಕ ಗೋಡೆ ನೋಡಿದರು, ನನ್ನನ್ನು ನೋಡಿದರು,
ಸ್ಪ್ಯಾನರ್ ಕೈಗೆ ಕೊಟ್ಟರು.

ಈಗ ಗ್ಯಾರೇಜಿಗೆ ಎರಡು ಸಲ ಬಣ್ಣ ಬಳಿದಾಯಿತು.
ಆ ಗೋಡೆಗೆ ಬಿಟ್ಟಿಲ್ಲ.
ಹದಿನೆಂಟೂವರೆಯ ಮೇಲೊಂದು ಗೀಟು,
ಪಕ್ಕದಲ್ಲಿ ಅವರ ಕೈಬರಹ: ಹತ್ತೊಂಬತ್ತು.